ಫ್ರಾನ್ಸಿನ ಅಂಗಡಿಯಲ್ಲಿ ಕಸಬರಿಗೆ, ಬಲ್ಬು, ಕುಕ್ಕರಿನ ರಬ್ಬರು ಕೇಳುವ ಬಗೆ

ಪುಣೆಯಲ್ಲಿ ಆರು ತಿಂಗಳು ಫ್ರೆಂಚ್ ಕಲಿತವರು ಕೆಫೆಯಲ್ಲಿ ಕಾಫಿ ತರಿಸಿಕೊಳ್ಳಬಲ್ಲರು, ರೈಲಿನ ವೇಳೆ ಕೇಳಬಲ್ಲರು, ತಮ್ಮ ಅಣ್ಣತಮ್ಮಂದಿರೆಷ್ಟು ಎಂದು ಹೇಳಬಲ್ಲರು. ಆಲಿಯಾಂಸ್ ಫ್ರಾಂಸೇಜ಼್‌ನಲ್ಲಿ ಕಲಿತರೂ ಅಷ್ಟೆ, ಫರ್ಗ್ಯೂಸನ್ ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟಿನಲ್ಲಿ ಕಲಿತರೂ ಅಷ್ಟೆ. ಆದರೆ ಓದಿಗೋ ಕೆಲಸಕ್ಕೋ ಲಿಯೋಂ, ತುಲೂಜ಼್‌ನಂಥ ಊರಿಗೆ ಹೋಗಿ ಬಾಡಿಗೆ ಕೋಣೆಯಲ್ಲಿ ಪೆಟ್ಟಿಗೆ ಇಳಿಸಿದ ಮೊದಲ ವಾರ ಬೇಕಾಗುವ ಮಾತೇ ಬೇರೆ. ಬಚ್ಚಲಿಗೆ ಬಕೆಟ್ಟು ಬೇಕು, ಕಸದ ಚೀಲ ಬೇಕು, ಉರಿದುಹೋದ ಬಲ್ಬು ಬದಲಿಸಬೇಕು, ಕಟ್ಟಿಕೊಂಡ ಸಿಂಕಿಗೆ ಏನಾದರೂ ಸುರಿಯಬೇಕು.

ಇದಕ್ಕೆ ನೂರಾರು ಶಬ್ದ ಉರುಹೊಡೆಯಬೇಕಾಗಿಲ್ಲ. ವಸ್ತುವಿನ ಹೆಸರು ಗೊತ್ತಿಲ್ಲದಿದ್ದರೂ ಅದು ಯಾತಕ್ಕೆ ಎಂದು ಹೇಳಿದರೆ ಕೈಗೆ ಬರುತ್ತದೆ. ಅಳತೆ ಗೊತ್ತಿಲ್ಲದೆ ಹೋದರೆ ಮಾತ್ರ, ಫ್ರೆಂಚ್ ಎಷ್ಟೇ ಚೆನ್ನಾಗಿದ್ದರೂ, ಬರಿಗೈಲಿ ಮರಳಬೇಕಾಗುತ್ತದೆ.

ಓದುವಾಗ ನೆನಪಿಡಬೇಕಾದದ್ದು

ಕೆಳಗೆ ಫ್ರೆಂಚ್ ಮಾತುಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಶಬ್ದದ ಕೊನೆಯ ಸೊನ್ನೆಯನ್ನು ತುಟಿ ಮುಚ್ಚಿ 'ಮ್' ಮಾಡಬೇಡಿ, ಮೂಗಿನಲ್ಲೇ ಬಿಟ್ಟುಬಿಡಿ. ಕೊಂಕಣಿ ಮನೆಮಾತಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 'ಜ಼' ಎಂದರೆ ಹಿಂದಿಯ 'ಜ಼ರಾ'ದ ಮೊದಲಕ್ಷರ. 'ಝ' ಎಂದು ಬರೆದಲ್ಲಿ ಉಸಿರು ಒತ್ತಬಾರದು; 'ಶ' ಅನ್ನುತ್ತಲೇ ಗಂಟಲು ನಡುಗಿಸಿದರೆ ಬರುವ ಮೆತ್ತನೆಯ ಧ್ವನಿ ಅದು. '್ಯು' ಇರುವಲ್ಲಿ 'ಉ' ಎನ್ನಲು ಚಾಚಿದಂತೆ ತುಟಿ ಚಾಚಿ, ತುಟಿ ಅಲುಗಿಸದೆ 'ಈ' ಅನ್ನಬೇಕು.

ಇನ್ನೊಂದು ನಮ್ಮದೇ ಚಟ. ವ್ಯಂಜನದಲ್ಲಿ ಮುಗಿಯುವ ಶಬ್ದ ಕಂಡರೆ ಬಾಲಕ್ಕೊಂದು 'ಉ' ಅಂಟಿಸುತ್ತೇವೆ. ಬಸ್ಸು, ಬಲ್ಬು, ಬಕೆಟ್ಟು ನಮಗೆ ಚೆಂದ. ಅಲ್ಲಿ ಬ್ಯಾಟರಿ ಸೆಲ್ಲಿನ 'ಪಿಲ್' ಅನ್ನು 'ಪಿಲ್ಲು' ಮಾಡಿದರೆ ಅಂಗಡಿಯವರು ಹುಬ್ಬು ಗಂಟಿಕ್ಕುತ್ತಾರೆ.

ಮೊದಲು ನಮಸ್ಕಾರ

ಪುಣೆಯ ತುಳಶಿಬಾಗ್ ಪೇಟೆಯಲ್ಲಿ ಅಂಗಡಿ ಮುಂದೆ ನಿಂತು 'ಭಾವೂ, ಹೇ ಕಿತೀಲಾ?' (ಅಣ್ಣಾ, ಇದೆಷ್ಟಕ್ಕೆ?) ಎಂದರೆ ವ್ಯವಹಾರ ಶುರುವಾದಂತೆ. ಫ್ರಾನ್ಸಿನಲ್ಲಿ ಹಾಗೆ ನೇರ ವಸ್ತುವಿಗೆ ಕೈಹಾಕಿದರೆ ಒರಟುತನ. ಬಾಗಿಲು ದಾಟಿದ ಕೂಡಲೇ 'ಬೋಂಝೂರ್ ಮದಾಮ್' ಅಥವಾ 'ಬೋಂಝೂರ್ ಮಸ್ಯೊ' ಅನ್ನಬೇಕು, ಸಂಜೆಯಾಗಿದ್ದರೆ 'ಬೋಂಸ್ವಾರ್'. ಅಂದು ಸುಮ್ಮನೆ ಮುಂದುವರಿಯಬಾರದು. ಅವರು ತಿರುಗಿ 'ಬೋಂಝೂರ್' ಅನ್ನುವವರೆಗೆ ಒಂದು ಕ್ಷಣ ತಡೆಯಿರಿ. ಆಮೇಲೆ ಪ್ರಶ್ನೆ. ದೊಡ್ಡ ಮಳಿಗೆಯಲ್ಲಿ ಪೆಟ್ಟಿಗೆ ಜೋಡಿಸುತ್ತಿರುವ ನೌಕರನನ್ನು ಮಾತಾಡಿಸುವಾಗಲೂ ಇದೇ ಕ್ರಮ. 'ಎಕ್ಸ್‌ಕ್ಯುಜ಼ೇ-ಮ್ವಾ' ಎಂದಷ್ಟೇ ಕರೆದು ಕೇಳಿದರೆ, 'ಬೋಂಝೂರ್' ಎಂದು ಅವನೇ ಒತ್ತಿ ಹೇಳಿ ನಿಮ್ಮ ಬಾಯಿಂದ ಅದನ್ನು ಹೊರಡಿಸುವುದುಂಟು. ಬೈದದ್ದಲ್ಲ, ತಿದ್ದಿದ್ದು.

ಏಕವಚನ ಬಹುವಚನ ನಮಗೆ ಕಷ್ಟವಲ್ಲ. 'ವೂ' ಎಂದರೆ ನೀವು, 'ತ್ಯು' ಎಂದರೆ ನೀನು. ಅಂಗಡಿಯಲ್ಲಿ ಎದುರಿಗಿರುವವನು ಹದಿನೆಂಟರ ಹುಡುಗನಾದರೂ 'ವೂ'. ಮುಂಬಯಿ ಹಿಂದಿಯ 'ತೂ' ರೂಢಿಯನ್ನು ವಿಮಾನ ಹತ್ತುವ ಮೊದಲೇ ಬಿಟ್ಟು ಹೋಗುವುದು ಒಳ್ಳೆಯದು.

ಯಾವ ಅಂಗಡಿ

'ಕ್ಯಾಂಕಾಯ್ರಿ' ಅಂದರೆ ಮೊಳೆ, ಬೀಗ, ನಲ್ಲಿಯ ಸಾಮಾನಿನ ಅಂಗಡಿ. ಪುಣೆಯ ಬೊಹ್ರಿ ಆಳಿ ನೋಡಿದವರಿಗೆ ಒಳಗಿನ ವಾಸನೆಯಲ್ಲೇ ಗುರುತು ಹತ್ತುತ್ತದೆ. 'ದ್ರೊಗ್ರಿ' ಎಂಬ ಹಲಗೆ ನೋಡಿ ಔಷಧದ ಅಂಗಡಿ ಎಂದುಕೊಳ್ಳಬೇಡಿ. ಅಲ್ಲಿ ಸಿಗುವುದು ಸಾಬೂನು, ಬ್ರಶ್ಶು, ನೆಲ ಒರೆಸುವ ದ್ರಾವಣ, ಬಣ್ಣ. ಔಷಧಕ್ಕೆ 'ಫಾರ್ಮಸಿ'. ಲರ್ವಾ ಮೆರ್ಲ್ಯಾಂ, ಕಾಸ್ತೊರಾಮಾದಂಥ, ಮನೆ ದುರಸ್ತಿ ಸಾಮಾನಿನ ದೊಡ್ಡ ಮಳಿಗೆಗಳಿಗೆ ಒಟ್ಟಾರೆ 'ಮಾಗಾಜ಼್ಯಾಂ ದ ಬ್ರಿಕೊಲಾಝ್' ಎಂದು ಹೆಸರು. ಬಹುತೇಕ ಊರಾಚೆ ಇರುತ್ತವೆ. ಬರೀ ಕಸದ ಚೀಲ, ಸ್ಪಂಜು, ಬ್ಯಾಟರಿ ಬೇಕಿದ್ದರೆ ಕಾರ್‌ಫೂರ್, ಮೊನೊಪ್ರಿಯಂಥ ಸೂಪರ್‌ಮಾರ್ಕೆಟ್ಟೇ ಸಾಕು. ಮಿಕ್ಸರು, ಇಸ್ತ್ರಿಪೆಟ್ಟಿಗೆ, ಕೆಟಲಿಗೆ 'ಎಲೆಕ್ತ್ರೊಮೆನಾಝೇ' ಮಳಿಗೆ. ಅವುಗಳಲ್ಲೊಂದರ ಹೆಸರು ಬೂಲಾಂಝೇ. ಆ ಶಬ್ದದ ಅರ್ಥ ಬ್ರೆಡ್ಡು ಸುಡುವವನು. ಮೊದಲ ವಾರ ಅಲ್ಲಿಗೆ ಬ್ರೆಡ್ಡು ಹುಡುಕಿ ಹೋಗದಿದ್ದರೆ ಸರಿ. ಹಳೆಯ ಪಾತ್ರೆ, ಮೇಜು, ಕುರ್ಚಿ ಅಗ್ಗಕ್ಕೆ ಬೇಕೆಂದರೆ ಎಮಾಯುಸ್ ಸಂಸ್ಥೆಯ ಅಂಗಡಿಗಳು.

ಬಾಗಿಲ ಕೀಲಿಯ ಇನ್ನೊಂದು ಪ್ರತಿ ಬೇಕೇ? ಚಮ್ಮಾರನ ಅಂಗಡಿಗೆ ಹೋಗಿ. 'ಕೊರ್ದೊನ್ಯೇ' ಎಂಬ ಹಲಗೆಯ ಕೆಳಗೇ ಕೀಲಿ ಕೊರೆಯುವ ಯಂತ್ರ ಇರುತ್ತದೆ. 'ಅಂ ದೂಬ್ಲ್ ದ ಕ್ಲೇ, ಸಿಲ್ ವೂ ಪ್ಲೆ' (ಕೀಲಿಯ ಇನ್ನೊಂದು ಪ್ರತಿ, ದಯವಿಟ್ಟು) ಎಂದರೆ ಸಾಕು. ಭದ್ರತೆಯ ಬೀಗದ ಕೀಲಿಯಾಗಿದ್ದರೆ ಮಾಲೀಕರ ಬಳಿಯಿರುವ ಕಾರ್ಡು ತೋರಿಸಬೇಕು, ಅದಿಲ್ಲದೆ ಕೊರೆದುಕೊಡುವುದಿಲ್ಲ.

ಸಣ್ಣ ಊರುಗಳಲ್ಲಿ ಚಿಕ್ಕ ಅಂಗಡಿಗಳು ಮಧ್ಯಾಹ್ನ 12ರಿಂದ 2ರವರೆಗೆ ಮುಚ್ಚಿರುವುದು ಸಾಮಾನ್ಯ, ಭಾನುವಾರವಂತೂ ಸರಿಯೇ ಸರಿ. ಪುಣೆಯ ಪೇಠೆಗಳಲ್ಲಿ 1ರಿಂದ 4ರ ನಿದ್ದೆ ನೋಡಿ ಬಂದವರು ಇದಕ್ಕೆ ಬೇಸರಪಡಬೇಕಾಗಿಲ್ಲ.

ಕೇಳುವ ವಾಕ್ಯ

ಮೂರೇ ಮೂರು ಸಾಕು. 'ಝ ಶೆರ್ಶ್' ಅಂದರೆ ಹುಡುಕುತ್ತಿದ್ದೇನೆ. 'ಎಸ್ಕ ವೂಜ಼ಾವೇ' ಅಂದರೆ ನಿಮ್ಮಲ್ಲಿ ಇದೆಯೇ. 'ಝ ವೂದ್ರೆ' ಅಂದರೆ ಬೇಕಾಗಿತ್ತು. ಕನ್ನಡದಲ್ಲಿ 'ಬೇಕು' ಅನ್ನುವುದಕ್ಕೂ 'ಬೇಕಾಗಿತ್ತು' ಅನ್ನುವುದಕ್ಕೂ ಇರುವ ಅಂತರವೇ ಅಲ್ಲಿಯೂ ಇದೆ. 'ಝ ವ' ಎಂದರೆ ಬರೀ 'ಬೇಕು'. ಮಕ್ಕಳು ಹಟ ಹಿಡಿದಂತೆ ಕೇಳುತ್ತದೆ. ಕೊನೆಗೆ 'ಸಿಲ್ ವೂ ಪ್ಲೆ'. ಹೊರಡುವಾಗ ಕೊಂಡರೂ ಕೊಳ್ಳದಿದ್ದರೂ 'ಮೆರ್ಸಿ, ಬೊನ್ ಝೂರ್ನೇ', ಧನ್ಯವಾದ, ಶುಭದಿನ.

ದೊಡ್ಡ ಮಳಿಗೆಯಲ್ಲಿ 'ಇದೆಯೇ' ಎನ್ನುವುದಕ್ಕಿಂತ 'ಎಲ್ಲಿದೆ' ಎಂದು ಕೇಳುವುದೇ ಮೇಲು: 'ಊ ಸ ತ್ರೂವ್ ಲೇಜ಼ಾಂಪೂಲ್?' ಅಂದರೆ ಬಲ್ಬುಗಳು ಎಲ್ಲಿವೆ.

ಇನ್ನು ಲಿಂಗ. ಕನ್ನಡದಲ್ಲಿ ಪೊರಕೆ, ಬಕೆಟ್ಟು, ಬೀಗ ಎಲ್ಲವೂ 'ಅದು'. ಫ್ರೆಂಚಿನಲ್ಲಿ ಪ್ರತಿಯೊಂದು ವಸ್ತುವೂ ಗಂಡು ಅಥವಾ ಹೆಣ್ಣು. ಬೆಂಗಳೂರಿನ ಕನ್ನಡಿಗನಿಗೆ ಇದು ತಲೆನೋವು. ಪುಣೆ, ಸೊಲ್ಲಾಪುರದ ಕಡೆಯವರಿಗೆ ಅರ್ಧ ಕೆಲಸ ಆಗಲೇ ಮುಗಿದಿದೆ. 'ತೋ ಝಾಡೂ, ತೀ ಬಾದಲಿ, ತೇ ಕುಲೂಪ್' ಎಂದು ಮರಾಠಿ ಕಲಿಯುವಾಗ ಏನು ಮಾಡಿದಿರೋ ಇಲ್ಲಿಯೂ ಅದನ್ನೇ ಮಾಡಿ: ಶಬ್ದವನ್ನು ಒಂಟಿಯಾಗಿ ಕಲಿಯಬೇಡಿ, ಗಂಡಿಗೆ 'ಅಂ', ಹೆಣ್ಣಿಗೆ 'ಯುನ್' ಹಚ್ಚಿಕೊಂಡೇ ಕಲಿಯಿರಿ. ಅಂ ಬಾಲೆ (ಪೊರಕೆ), ಅಂ ಸೋ (ಬಕೆಟ್ಟು), ಯುನ್ ಆಂಪೂಲ್ (ಬಲ್ಬು). ಆದರೆ ಮರಾಠಿಯ ಲಿಂಗವನ್ನು ಹಾಗೇ ಹೊತ್ತು ಹೋಗಬೇಡಿ. ಬಾದಲಿ ಮರಾಠಿಯಲ್ಲಿ ಹೆಣ್ಣು, ಫ್ರೆಂಚಿನ 'ಸೋ' ಗಂಡು.

ಲಿಂಗ ತಪ್ಪಿದರೆ ಬಹುಪಾಲು ಯಾರೂ ಗಮನಿಸುವುದಿಲ್ಲ. ಅರ್ಥವೇ ಬದಲಾಗುವ ಕೆಲವನ್ನು ಮಾತ್ರ ನೋಡಿಕೊಳ್ಳಿ. 'ಯುನ್ ಪ್ವಾಲ್' ಬಾಣಲೆ, 'ಅಂ ಪ್ವಾಲ್' ಕೋಣೆ ಬೆಚ್ಚಗಿಡುವ ಒಲೆ. 'ಅಂ ಮೂಲ್' ಕೇಕಿನ ಅಚ್ಚು, 'ಯುನ್ ಮೂಲ್' ಸಮುದ್ರದ ಚಿಪ್ಪಿನ ಹುಳ, ಗೋವಾದವರು ಬಾಯಿ ಚಪ್ಪರಿಸುವಂಥದ್ದು. 'ಅಂ ಮಾಂಶ್' ಪೊರಕೆಯ ಹಿಡಿಕೆ, 'ಯುನ್ ಮಾಂಶ್' ಅಂಗಿಯ ತೋಳು.

ಹೆಸರೇ ಗೊತ್ತಿಲ್ಲದಾಗ

ಮೂರು ಚಿಕ್ಕ ಶಬ್ದಗಳಿವೆ: ಆ, ದ, ಆಂ. 'ಆ' ಬಂದರೆ ಯಾತಕ್ಕೆ, 'ದ' ಬಂದರೆ ಒಳಗೇನಿದೆ, 'ಆಂ' ಬಂದರೆ ಯಾವುದರಿಂದ ಮಾಡಿದ್ದು. 'ಯುನ್ ತಾಸ್ ಆ ಕಾಫೇ' ಎಂದರೆ ಕಾಫಿ ಕುಡಿಯುವ ಖಾಲಿ ಬಟ್ಟಲು. 'ಯುನ್ ತಾಸ್ ದ ಕಾಫೇ' ಎಂದರೆ ಒಂದು ಬಟ್ಟಲು ಕಾಫಿ. ಪಾತ್ರೆ ಅಂಗಡಿಯಲ್ಲಿ ಎರಡನೆಯದನ್ನು ಕೇಳಿದರೆ ಎದುರಿನ ಹೋಟೆಲ್ಲು ತೋರಿಸಿಯಾರು. 'ಆಂ ಪ್ಲಾಸ್ತೀಕ್' ಪ್ಲಾಸ್ಟಿಕ್ಕಿನದು, 'ಆಂ ಬ್ವಾ' ಕಟ್ಟಿಗೆಯದು, 'ಆನ್ ಇನೊಕ್ಸ್' ಸ್ಟೀಲಿನದು, 'ಆಂ ಫೋಂತ್' ಬೀಡು ಕಬ್ಬಿಣದ್ದು.

ಈಗ ವಾಕ್ಯ ಕಟ್ಟಿ. ಮೊದಲು ಸೋಲೊಪ್ಪಿಕೊಳ್ಳಿ: 'ಝ ನ ಕೊನೆ ಪಾ ಲ ಮೋ', ಶಬ್ದ ಗೊತ್ತಿಲ್ಲ. ಆಮೇಲೆ 'ಸೆತಂ ತ್ರ್ಯುಕ್ ಪೂರ್', ಅಂದರೆ 'ಅದೊಂದು ಇದು, ಇಂಥದ್ದಕ್ಕೆ'. ನಾವು 'ಅದೇ, ಅದು' ಎಂದು ಕೈಯಾಡಿಸುವಲ್ಲಿ ಅವರು 'ತ್ರ್ಯುಕ್' ಅನ್ನುತ್ತಾರೆ. ಅದಕ್ಕೆ ಕ್ರಿಯಾಪದ ಸೇರಿಸಿ: 'ಸೆತಂ ತ್ರ್ಯುಕ್ ಪೂರ್ ದೇಬೂಶೇ ಲೇವ್ಯೇ', ಸಿಂಕು ಬಿಡಿಸುವಂಥದ್ದು. ಅವರು 'ಆ, ಯುನ್ ವಾಂತೂಜ಼್!' ಎಂದು ರಬ್ಬರಿನ ಬಟ್ಟಲಿಗೆ ಕೋಲು ಸಿಕ್ಕಿಸಿದ ಪಂಪು ತಂದುಕೊಡುತ್ತಾರೆ. ಇಲ್ಲವೆ 'ದೇಬೂಶರ್' ಎಂಬ ದ್ರಾವಣದ ಡಬ್ಬಿ. ಉಪಯೋಗಕ್ಕೆ ಬರುವ ಕ್ರಿಯಾಪದಗಳು ಹತ್ತರೊಳಗೇ ಇವೆ: ಕೂಪೇ ಕತ್ತರಿಸಲು, ಕೋಲೇ ಅಂಟಿಸಲು, ನೆತ್ವಾಯೇ ತೊಳೆಯಲು, ಫೆರ್ಮೇ ಮುಚ್ಚಲು, ಊವ್ರೀರ್ ತೆರೆಯಲು, ಅಕ್ರೋಶೇ ತೂಗುಹಾಕಲು, ರೇಪಾರೇ ದುರಸ್ತಿಗೆ.

ವಸ್ತು ಕೈಗೆ ಬಂದ ಮೇಲೆ 'ಕೊಮಾಂ ಸಾ ಸಾಪೆಲ್?' ಎಂದು ಹೆಸರು ಕೇಳಿಕೊಳ್ಳಿ. ಮುಂದಿನ ಸಲಕ್ಕೆ ಅದೇ ಪಾಠ. ಮೊಬೈಲಿನಲ್ಲಿ ಚಿತ್ರ ತೋರಿಸುವುದರಲ್ಲಿ ನಾಚಿಕೆಯೇನಿಲ್ಲ, ಆದರೆ ಚಿತ್ರದಲ್ಲಿ ಅಳತೆ ಕಾಣುವುದಿಲ್ಲ. ಪಕ್ಕದಲ್ಲಿ ಸ್ಕೇಲು ಇಟ್ಟು ತೆಗೆಯಿರಿ, ಸಾಧ್ಯವಾದರೆ ಕೆಟ್ಟ ಭಾಗವನ್ನೇ ಕಳಚಿ ಒಯ್ಯಿರಿ. 'ಲಾ ಮೆಮ್ ಶೋಜ಼್, ಸಿಲ್ ವೂ ಪ್ಲೆ', ಇಂಥದ್ದೇ. 'ಆಂ ಪ್ಲ್ಯು ಪತಿ' ಇದಕ್ಕಿಂತ ಚಿಕ್ಕದು, 'ಆಂ ಪ್ಲ್ಯು ಗ್ರಾಂ' ಇದಕ್ಕಿಂತ ದೊಡ್ಡದು.

ಬಚ್ಚಲು ಮತ್ತು ನೆಲ

ಬಕೆಟ್ಟಿಗೆ 'ಅಂ ಸೋ'. ಹತ್ತು ಲೀಟರಿನದು ಬೇಕಾದರೆ 'ಅಂ ಸೋ ದ ದೀ ಲೀತ್ರ್'. ಅದೇ ಉಚ್ಚಾರದ ಇನ್ನೊಂದು ಶಬ್ದಕ್ಕೆ ದಡ್ಡ ಎಂಬ ಅರ್ಥವೂ ಇದೆ. ಅಂಗಡಿಯಲ್ಲಿ ಯಾರೂ ಹಾಗೆ ತಿಳಿಯುವುದಿಲ್ಲ. ತೊಡಕು ಬರುವುದು ಮಗ್ಗಿನಲ್ಲಿ. ಸ್ನಾನಕ್ಕೆ ನೀರು ತೋಡಿಕೊಳ್ಳುವ ಪ್ಲಾಸ್ಟಿಕ್ ಮಗ್ಗು ಅವರ ಮನೆಯಲ್ಲಿಲ್ಲ. 'ಮಗ್' ಎಂದರೆ ಪಿಂಗಾಣಿಯ ಕಾಫಿ ಬಟ್ಟಲು ಕೊಡುತ್ತಾರೆ. ಹಾಗಾಗಿ 'ಅಂ ಪಿಶೇ ಆಂ ಪ್ಲಾಸ್ತೀಕ್' ಕೇಳಿ, ಹಿಡಿಯಿರುವ ನೀರಿನ ಜಗ್ಗು ಸಿಗುತ್ತದೆ. ಒಂದು ಲೀಟರಿನದು ಕೈಗೆ ಹದ. ಅಡುಗೆ ವಿಭಾಗದ 'ವೆರ್ ದೋಜ಼ರ್', ಅಂದರೆ ಗೆರೆ ಹಾಕಿದ ಅಳತೆಯ ಲೋಟವೂ ಆದೀತು. ಬಟ್ಟೆ ನೆನೆಹಾಕುವ ತೊಟ್ಟಿಗೆ 'ಬಾಸೀನ್'.

ಪೊರಕೆ 'ಅಂ ಬಾಲೆ'. ನಮ್ಮ ಹುಲ್ಲಿನ ಕಸಬರಿಗೆಯಲ್ಲ, ಉದ್ದ ಕೋಲಿಗೆ ಅಡ್ಡಲಾಗಿ ಬ್ರಶ್ಶು. ಹಿಡಿಕೆ ಬೇರೆಯಾಗಿ ಮಾರುವುದೂ ಉಂಟು, ಬಿಲ್ಲು ಮಾಡಿಸುವ ಮುಂಚೆ ನೋಡಿಕೊಳ್ಳಿ: 'ಅವೆಕ್ ಲ ಮಾಂಶ್?' ಹಿಡಿಕೆ ಸಮೇತವೇ? ಕಸ ತುಂಬುವ ಮೊರ ಮತ್ತು ಗಿಡ್ಡ ಪೊರಕೆಯ ಜೋಡಿ 'ಪೆಲ್ ಏ ಬಾಲೆಯೆತ್'. ನೆಲ ಒರೆಸುವ ಬಟ್ಟೆ 'ಸೆರ್ಪಿಯೆರ್', ಇದಕ್ಕೆ ಪ್ರಾಂತಕ್ಕೊಂದು ಹೆಸರು. ಉತ್ತರದಲ್ಲಿ 'ವಾಸ್ಯಾಂಗ್', ಸಾವ್ವಾ ಕಡೆ ಮತ್ತು ಸ್ವಿಟ್ಜರ್ಲೆಂಡಿನಲ್ಲಿ 'ಪಾನೊಸ್'. ಕಸಬರಿಗೆ, ಪೊರಕೆ, ಬಾರಿಗೆ ಎಂದು ನಾವೇ ಬೇರೆ ಬೇರೆ ಅನ್ನುತ್ತೇವಲ್ಲ. ನೀರು ಎಳೆಯುವ ರಬ್ಬರಿನ ಪಟ್ಟಿ 'ರಾಕ್ಲೆತ್', ಅದೇ ಹೆಸರಿನ ಚೀಸೂ ಇದೆ. 'ರಾಕ್ಲೆತ್ ಪೂರ್ ಲ ಸೋಲ್', ನೆಲದ್ದು, ಅನ್ನಿ. ಪುಡಿಬಟ್ಟೆಗೆ 'ಶಿಫೋಂ'. ಹೌದು, ನಮ್ಮಲ್ಲಿ ಮದುವೆಗೆ ಉಡುವ ಶಿಫಾನ್ ಸೀರೆಯ ಹೆಸರು ಅಲ್ಲಿ ಮೇಜು ಒರೆಸುವ ಚಿಂದಿಗೂ ಇದೆ.

ಕಸದ ಚೀಲ 'ಸಾಕ್ ಪೂಬೆಲ್'. ಅಳತೆ ಲೀಟರಿನಲ್ಲಿ, ಅಡುಗೆಮನೆಯ ಬುಟ್ಟಿಗೆ 30 ಲೀಟರಿನದು ಸಾಮಾನ್ಯವಾಗಿ ಸಾಕು. ಪೂಬೆಲ್ ಎಂಬುದು ಒಬ್ಬ ಅಧಿಕಾರಿಯ ಅಡ್ಡಹೆಸರು: 1883ರಲ್ಲಿ ಪ್ಯಾರಿಸ್ಸಿನ ಮನೆಮಾಲೀಕರೆಲ್ಲ ಕಸಕ್ಕೆ ಡಬ್ಬಿ ಇಡಬೇಕೆಂದು ಆಜ್ಞೆ ಹೊರಡಿಸಿದ ಯುಝೆನ್ ಪೂಬೆಲ್. ಪಾಪ, ಆತನ ಹೆಸರೇ ಕಸದ ಬುಟ್ಟಿಯಾಯಿತು.

ಬಟ್ಟೆಯ ಪುಡಿ ಅಥವಾ ದ್ರಾವಣ 'ಲೆಸೀವ್', ಪಾತ್ರೆ ತೊಳೆಯಲು 'ಲಿಕೀದ್ ವೆಸೆಲ್'. ಸಾಬೂನು 'ಸಾವೋಂ', ಕಪಾಟು 'ಆರ್ಮ್ವಾರ್'. ಗೋವಾಕ್ಕೆ ಬಂದ ಪೋರ್ಚುಗೀಸರಿಂದ ನಮಗೆ ಬಂದ ಅಲಮಾರಿಗೆ ಇದು ದಾಯಾದಿ, ಕಿವಿಗೆ ಬೇಗ ಹತ್ತುತ್ತದೆ. ನಲ್ಲಿಯ ಮೇಲೆ ಕಟ್ಟುವ ಬಿಳಿ ಗಟ್ಟಿ 'ಕಾಲ್ಕೇರ್'. ಅದಕ್ಕೆ 'ವಿನೇಗ್ರ್ ಬ್ಲಾಂ', ಬಿಳಿ ವಿನೆಗರು, ಅಗ್ಗ ಮತ್ತು ಪರಿಣಾಮಕಾರಿ. ಕಲೆ, ರೋಗಾಣುಗಳಿಗೆ 'ಓ ದ ಝಾವೆಲ್', ಪ್ಯಾರಿಸ್ಸಿನ ಝಾವೆಲ್ ಎಂಬಲ್ಲಿ ಮೊದಲು ತಯಾರಾದ ಬ್ಲೀಚು. ಇವೆರಡನ್ನೂ ಒಂದೇ ದಿನ ಕೊಂಡರೆ ಒಂದೇ ಬಕೆಟ್ಟಿಗೆ ಸುರಿಯಬೇಡಿ. ಬ್ಲೀಚಿಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿಯಿಲ್ಲದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ.

ಬಲ್ಬು ಮತ್ತು ಕರೆಂಟಿನ ಸಾಮಾನು

ಬಲ್ಬು ಕೊಳ್ಳುವುದನ್ನು ಪೂರ್ತಿ ನೋಡೋಣ, ಏಕೆಂದರೆ ತಪ್ಪು ತಂದು ಮತ್ತೆ ಹೋಗುವವರು ಇದರಲ್ಲೇ ಹೆಚ್ಚು. ನಮ್ಮ ಮನೆಗಳಲ್ಲಿ ಎರಡು ಕಿವಿಯಿರುವ, ಒತ್ತಿ ತಿರುಗಿಸುವ ಬಲ್ಬು. ಅದಕ್ಕೆ ಅಲ್ಲಿ 'ಬಾಯೊನೆತ್', ಡಬ್ಬಿಯ ಮೇಲೆ ಬಿ22. ಫ್ರಾನ್ಸಿನ ಹಳೆಯ ಮನೆಗಳಲ್ಲಿ ಅದೂ ಇದೆ, ಆದರೆ ತಿರುಪಿನದೇ ಹೆಚ್ಚು. ತಿರುಪಿನಲ್ಲಿ ದೊಡ್ಡದು 'ಗ್ರೋಸ್ ವಿಸ್', ಇ27, ಅಂದರೆ 27 ಮಿಲಿಮೀಟರು ಅಗಲ; ಚಿಕ್ಕದು 'ಪತಿತ್ ವಿಸ್', ಇ14. ಹೋಗುವ ಮೊದಲು ಹಳೆಯದನ್ನು ಕಳಚಿ ಜೇಬಿಗೆ ಹಾಕಿಕೊಳ್ಳಿ.

'ಬೋಂಝೂರ್ ಮಸ್ಯೊ. ಝ ಶೆರ್ಶ್ ಯುನ್ ಆಂಪೂಲ್, ಸಿಲ್ ವೂ ಪ್ಲೆ.'
'ಬೋಂಝೂರ್. ಕೆಲ್ ಕ್ಯುಲೋ?'
'ಗ್ರೋಸ್ ವಿಸ್.'
'ಬ್ಲಾಂ ಶೋ ಊ ಬ್ಲಾಂ ಫ್ರ್ವಾ?'
'ಬ್ಲಾಂ ಶೋ. ಲೇಕಿವಾಲಾಂ ದ ಸ್ವಾಸಾಂತ್ ವಾತ್.'

'ಕ್ಯುಲೋ' ಅಂದರೆ ಬಲ್ಬಿನ ಬುಡ. 'ಕೆಲ್ ಕ್ಯುಲೋ' ಎಂಬ ಎರಡು ಶಬ್ದವನ್ನೇ ಸಿಟ್ಟಿನಲ್ಲಿ ಅಂದರೆ 'ಎಷ್ಟು ಸೊಕ್ಕು!' ಎಂದರ್ಥ, ಇಲ್ಲಿ ಬರೀ ಪ್ರಶ್ನೆ. 'ಬ್ಲಾಂ ಶೋ' ಹಳದಿ ಬೆಳಕು, 2700 ಕೆಲ್ವಿನ್ ಆಸುಪಾಸು; 'ಬ್ಲಾಂ ಫ್ರ್ವಾ' ನಮ್ಮ ಟ್ಯೂಬಿನಂಥ ಬಿಳಿ. ಕೊನೆಯ ವಾಕ್ಯ ಹಳೆಯ 60 ವ್ಯಾಟಿಗೆ ಸಮನಾದ ಎಲ್‌ಇಡಿ ಕೇಳುವುದು. ಡಬ್ಬಿಯಲ್ಲಿ 806 ಲ್ಯೂಮೆನ್ ಎಂದಿರುತ್ತದೆ. ಔಷಧದಂಗಡಿಯಲ್ಲಿ 'ಆಂಪೂಲ್' ಅಂದರೆ ಮಾತ್ರ ಕಾಲಿನ ಬೊಬ್ಬೆಗೆ ಪಟ್ಟಿ ಕೊಟ್ಟಾರು, ಆ ಅರ್ಥವೂ ಅದಕ್ಕಿದೆ.

ಬ್ಯಾಟರಿ ಸೆಲ್ಲು 'ಪಿಲ್'. ಎಕ್ಸ್‌ಟೆನ್ಶನ್ ವೈರು 'ರಾಲೋಂಝ್', ಸಾಲು ಪ್ಲಗ್ಗಿನ ಪಟ್ಟಿ 'ಮ್ಯುಲ್ತಿಪ್ರೀಜ಼್'. ವಿದ್ಯುತ್ತು ಇಲ್ಲಿಯಂತೆಯೇ 230 ವೋಲ್ಟು, 50 ಹರ್ಟ್ಸ್; ಮಿಕ್ಸರು ಒಯ್ದರೆ ಟ್ರಾನ್ಸ್‌ಫಾರ್ಮರು ಬೇಡ, ಪ್ಲಗ್ಗಿನ ಆಕಾರ ಬದಲಿಸಿದರೆ ಸಾಕು. ಅಲ್ಲಿನ ಸಾಕೆಟ್ಟಿನ ಒಳಗಿಂದ ಅರ್ಥಿಂಗಿನ ಕಡ್ಡಿ ಹೊರಚಾಚಿರುತ್ತದೆ, ನಮ್ಮ ಮೂರು ಪಿನ್ನು ಅದರಲ್ಲಿ ಕೂರದು. ಈ ಅಡಾಪ್ಟರನ್ನು ಮಾತ್ರ ಬುಧವಾರ ಪೇಠೆಯ ಪಾಸೋಡ್ಯಾ ವಿಠೋಬಾ ಸುತ್ತಿನಲ್ಲೋ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲೋ ಕೊಂಡೇ ಹೊರಡಿ. ಫ್ರಾನ್ಸಿನ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಅವರ ಪ್ಲಗ್ಗನ್ನು ಹೊರದೇಶದಲ್ಲಿ ಬಳಸಲು ಬೇಕಾದ, ತಿರುವುಮುರುವಾದ ಅಡಾಪ್ಟರು.

ಅಡುಗೆಮನೆ

ಇಲ್ಲಿ ಮೋಸಮಾಡುವ ಶಬ್ದ 'ಕಾಸ್ರೋಲ್'. ನಾವು ಚಪಾತಿ ಬಿಸಿಯಾಗಿಡುವ ಡಬ್ಬಿಗೆ ಕ್ಯಾಸರೋಲ್ ಅನ್ನುತ್ತೇವೆ. ಫ್ರಾನ್ಸಿನಲ್ಲಿ ಅದು ಉದ್ದ ಹಿಡಿಯ, ಹಾಲು ಕಾಯಿಸುವ ಪಾತ್ರೆ. ಚಪಾತಿ ಡಬ್ಬಿ ಬೇಕಾದರೆ 'ಬ್ವಾತ್ ಈಜ಼ೊತೆರ್ಮ್'. ಲಟ್ಟಣಿಗೆ 'ರೂಲೋ ಆ ಪಾತಿಸ್ರಿ', ಸೌಟು 'ಲೂಶ್', ಜರಡಿಯಂಥ ತೂತಿನ ಪಾತ್ರೆ 'ಪಾಸ್ವಾರ್', ಮುಚ್ಚಳ 'ಕೂವೆರ್ಕ್ಲ್'. ದೋಸೆಗೆ ತವಾ ಹುಡುಕಿ ಅಲೆಯಬೇಡಿ, 'ಯುನ್ ಕ್ರೆಪ್ಯೆರ್' ಎಂದು ಕೇಳಿ. ಅಂಚು ಗಿಡ್ಡಗಿರುವ, ಅವರ ತೆಳು ಕ್ರೆಪ್ ಹುಯ್ಯುವ ಹಂಚು ಅದು. ಆಂ ಫೋಂತ್ ಆದರೆ ಇನ್ನೂ ಒಳ್ಳೆಯದು. ಮಸಾಲೆ ಪುಡಿಗೆ 'ಮೂಲ್ಯಾಂ ಆ ಕಾಫೇ' ಸಾಕಾಗುತ್ತದೆ, ಆಮೇಲೆ ಅದರಲ್ಲಿ ಕಾಫಿ ಬೀಜ ಹಾಕುವ ಆಸೆ ಬಿಡಬೇಕಷ್ಟೆ. ಇಡ್ಲಿ ತಟ್ಟೆ ಪ್ಯಾರಿಸ್ಸಿನಲ್ಲಿ ಲಾ ಶಾಪೆಲ್ ಬಡಾವಣೆಯ ತಮಿಳರ ಅಂಗಡಿಗಳಲ್ಲಿ ಹುಡುಕಬೇಕು. ಅಲ್ಲಿ 'ಇಡ್ಲಿ' ಎಂದರೆ ಫ್ರೆಂಚೇ ಬೇಡ.

ಕುಕ್ಕರಿಗೆ ಎಲ್ಲರೂ ಅನ್ನುವುದು 'ಕೊಕೊತ್-ಮಿನ್ಯುತ್'. ಸೆಬ್ ಕಂಪನಿ 1953ರಲ್ಲಿ ತಂದ ಕುಕ್ಕರಿನ ಹೆಸರು ಅದು. ಬೇರೆ ಕಂಪನಿಯವರು ಡಬ್ಬಿಯ ಮೇಲೆ 'ಓತೊಕ್ವಿಜ಼ರ್' ಎಂದು ಬರೆಯುತ್ತಾರೆ. ನಮ್ಮಂತೆ ಬಿಟ್ಟುಬಿಟ್ಟು ಕೂಗದೆ ಒಂದೇ ಸಮನೆ ಉಸಿರು ಬಿಡುತ್ತದೆ, ಹಾಗಾಗಿ 'ಮೂರು ಸೀಟಿ' ಲೆಕ್ಕ ಬಿಟ್ಟು ನಿಮಿಷದ ಲೆಕ್ಕ ಹಿಡಿಯಬೇಕು. ರಬ್ಬರಿಗೆ 'ಝ್ವ್ಯಾಂ'. ಆ ಶಬ್ದವನ್ನು ಒಂಟಿಯಾಗಿ ಬಳಸಬೇಡಿ, ಆಡುಮಾತಿನಲ್ಲಿ ಅದಕ್ಕೆ ಗಾಂಜಾ ಬೀಡಿ ಎಂಬರ್ಥ. 'ಅಂ ಝ್ವ್ಯಾಂ ದ ಕೊಕೊತ್' ಎಂದು ಪೂರ್ತಿ ಹೇಳಿ, ಕುಕ್ಕರಿನ ಕಂಪನಿ, ಮಾದರಿ, ಎಷ್ಟು ಲೀಟರು, ರಬ್ಬರಿನ ವ್ಯಾಸ ಎಷ್ಟು ಮಿಲಿಮೀಟರು ಬರೆದುಕೊಂಡು ಹೋಗಿ. ಊರಿಂದ ಒಯ್ದ ಕುಕ್ಕರಿಗೆ ಅಲ್ಲಿನ ರಬ್ಬರು ಕೂರುವುದಿಲ್ಲ, ಎಳೆದು ಕೂರಿಸುವುದೂ ಬೇಡ, ಒತ್ತಡ ಸೋರುತ್ತದೆ. ಎರಡು ಹೆಚ್ಚಿನ ರಬ್ಬರು ಇಲ್ಲಿಂದಲೇ ಪೆಟ್ಟಿಗೆಗೆ ಹಾಕಿ. ಬಾಡಿಗೆ ಕೋಣೆಯ ಒಲೆ 'ಇಂಡಕ್ಷನ್' ಆಗಿದ್ದರೆ ಅಲ್ಯೂಮಿನಿಯಂ ಕುಕ್ಕರು ಕಾಯುವುದೇ ಇಲ್ಲ. ತಳಕ್ಕೆ ಅಯಸ್ಕಾಂತ ಅಂಟುತ್ತದೆಯೇ ಎಂದು ಇಲ್ಲೇ ನೋಡಿಕೊಳ್ಳಿ.

ನಲ್ಲಿ, ಮೊಳೆ

ಪುಣೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ಇಂಚು, ಮುಕ್ಕಾಲು ಇಂಚು ಎಂದರೆ ಕೆಲಸ ಮುಗಿಯಿತು. ಫ್ರಾನ್ಸಿನಲ್ಲಿ ಅದೇ ತಿರುಪನ್ನು ಎರಡು ಸಂಖ್ಯೆಯಲ್ಲಿ ಹೇಳುತ್ತಾರೆ, ಇದು ಗೊತ್ತಿಲ್ಲದೆ ಒದ್ದಾಡುವವರು ಬಹಳ. ಅರ್ಧ ಇಂಚಿಗೆ 15/21, 'ಕ್ಯಾಂಜ಼್ ವ್ಯಾಂತೇ ಅಂ'. ಮುಕ್ಕಾಲು ಇಂಚಿಗೆ 20/27, 'ವ್ಯಾಂ ವ್ಯಾಂತ್-ಸೆತ್'. ಬಟ್ಟೆ ಯಂತ್ರದ ನಲ್ಲಿ ಇದೇ. ಎಂಟರಲ್ಲಿ ಮೂರು ಇಂಚಿಗೆ 12/17, 'ದೂಜ಼್ ದಿಸೆತ್'. ಕಮೋಡಿನ ನೀರಿನ ತೊಟ್ಟಿಗೆ ಸಾಮಾನ್ಯವಾಗಿ ಬರುವುದು ಇದು. ಹೊರತಿರುಪು 'ಮಾಲ್', ಒಳತಿರುಪು 'ಫಮೆಲ್'. ಷವರಿನ ಪೈಪು 'ಫ್ಲೆಕ್ಸೀಬ್ಲ್ ದ ದೂಶ್', ಉದ್ದ ಒಂದೂವರೆ ಅಥವಾ ಎರಡು ಮೀಟರು. ಸಂಡಾಸಿನ ಪಕ್ಕದ ಕೈಷವರಿಗೆ 'ದೂಶೆತ್ ಈಝ್ಯೆನೀಕ್' ಅನ್ನಿ. ಸೋರದಂತೆ ಸುತ್ತುವ ಬಿಳಿ ಪಟ್ಟಿ 'ರ್ಯುಬಾಂ ತೆಫ್ಲೋಂ'.

ಮೊಳೆ 'ಕ್ಲೂ', ತಿರುಪುಮೊಳೆ 'ವಿಸ್', ಗೋಡೆಗೆ ಹೊಡೆಯುವ ಪ್ಲಾಸ್ಟಿಕ್ ಬೆಂಡು 'ಶವೀಯ್'. ಶವೀಯ್ ಕೇಳಿದರೆ ಗೋಡೆ ಯಾತರದ್ದು ಎಂದು ಮರುಪ್ರಶ್ನೆ ಬರುತ್ತದೆ: 'ಬೇತೋಂ' ಕಾಂಕ್ರೀಟು, 'ಬ್ರೀಕ್' ಇಟ್ಟಿಗೆ, 'ಪ್ಲಾಕೋ' ಜಿಪ್ಸಂ ಹಲಗೆ. ಬೆರಳಿನ ಗೆಣ್ಣಿನಿಂದ ಬಡಿದಾಗ ಡೊಳ್ಳಿನಂತೆ ಸದ್ದು ಬಂದರೆ ಪ್ಲಾಕೋ. ಅದಕ್ಕೆ ಒಳಗೆ ಹೋಗಿ ಅರಳಿಕೊಳ್ಳುವ ಬೇರೆಯೇ ಬೆಂಡು ಬೇಕು. ಚಿತ್ರ ಚುಚ್ಚುವ ಗುಂಡುಪಿನ್ನು 'ಪ್ಯುನೇಜ಼್'. ತಿಗಣೆಗೂ ಅದೇ ಹೆಸರು, 'ನನ್ನ ಕೋಣೆಗೆ ಪ್ಯುನೇಜ಼್' ಎಂದು ಗಟ್ಟಿಯಾಗಿ ಹೇಳುವಾಗ ಹುಷಾರು.

ಅವರ ಉತ್ತರ ಕೇಳಿಸಿಕೊಳ್ಳುವುದು

ಕೇಳುವುದಕ್ಕಿಂತ ಕೇಳಿಸಿಕೊಳ್ಳುವುದೇ ಕಷ್ಟ. 'ಓ ಫೋಂ' ಅಂದರೆ ತುದಿಯಲ್ಲಿ, 'ಆ ಗೋಶ್' ಎಡಕ್ಕೆ, 'ಆ ದ್ರ್ವಾತ್' ಬಲಕ್ಕೆ, 'ತೂ ದ್ರ್ವಾ' ನೇರವಾಗಿ. ಕೊನೆಯ ಎರಡಕ್ಕೆ ಒಂದು 'ತ್' ಅಷ್ಟೇ ಅಂತರ. ಇನ್ನೂ ನವಿರಾದದ್ದು ಕಪಾಟಿನ ಮಜಲುಗಳದ್ದು: 'ಓ-ದ್ಸ್ಯು' ಮೇಲೆ, 'ಓ-ದ್ಸು' ಕೆಳಗೆ. ನಾಲಗೆ ಮೊದಲಿನದಕ್ಕೆ 'ಈ'ಯತ್ತ, ಎರಡನೆಯದಕ್ಕೆ ನಮ್ಮ 'ಉ'. ಗೊತ್ತಾಗದಿದ್ದರೆ ಅವರ ಕೈ ನೋಡಿ, ಇಲ್ಲವೆ 'ಪ್ಲ್ಯು ಲಾಂತ್‌ಮಾಂ, ಸಿಲ್ ವೂ ಪ್ಲೆ' ಎಂದು ನಿಧಾನವಾಗಿ ಹೇಳಿಸಿಕೊಳ್ಳಿ.

ಬೆಲೆಯಲ್ಲಿ 70ರ ನಂತರ ಲೆಕ್ಕ ಹಾಕಬೇಕು. 70 ಎಂದರೆ ಅರವತ್ತು-ಹತ್ತು, 80 ನಾಲ್ಕು-ಇಪ್ಪತ್ತು, 97 ನಾಲ್ಕು-ಇಪ್ಪತ್ತು-ಹದಿನೇಳು. ಮರಾಠಿಯ 'ಏಕೋಣಪನ್ನಾಸ' 49 ಎಂದು ಅರಗಿಸಿಕೊಂಡ ಹೊಟ್ಟೆಗೆ ಇದೂ ಅರಗುತ್ತದೆ. 12 ಯೂರೋ 90 ಸೆಂಟು 'ದೂಜ಼್ ಕಾತ್ರ್-ವ್ಯಾಂ-ದಿಸ್'. 'ದ' ಎಂದರೆ 2, 'ದೂಜ಼್' ಎಂದರೆ 12, ಇವೆರಡನ್ನು ಅದಲುಬದಲು ಮಾಡಿಕೊಳ್ಳುವುದು ಸಾಮಾನ್ಯ. ಗಲ್ಲೆಯ ಪರದೆ ನೋಡಿ ಖಾತ್ರಿ ಮಾಡಿಕೊಳ್ಳಿ. ಬೆಲ್ಜಿಯಂ, ಸ್ವಿಟ್ಜರ್ಲೆಂಡಿನಲ್ಲಿ 70ಕ್ಕೆ 'ಸೆಪ್ತಾಂತ್', 90ಕ್ಕೆ 'ನೊನಾಂತ್' ಎಂಬ ಸರಳ ಹೆಸರುಗಳಿವೆ.

ಚೌಕಾಶಿ ಅಂಗಡಿಯಲ್ಲಿ ನಡೆಯದು. ಬೀದಿಯ ಹಳೆ ಸಾಮಾನಿನ ಸಂತೆಯಲ್ಲಿ, 'ವೀದ್-ಗ್ರನ್ಯೇ' ಎಂಬಲ್ಲಿ, 'ವೂ ಪೂವೇ ಮ ಫೇರ್ ಅಂ ಪ್ರಿ?', ಬೆಲೆ ಸ್ವಲ್ಪ ಇಳಿಸುವಿರಾ, ಎಂದು ಕೇಳಬಹುದು. ತುಳಶಿಬಾಗಿನಂತೆ ಅರ್ಧ ಬೆಲೆಯಿಂದ ಶುರುಮಾಡಬೇಡಿ.

ಹಣ ಕೊಡುವಾಗ 'ಪಾರ್ ಕಾರ್ತ್' ಎಂದರೆ ಕಾರ್ಡು, 'ಆನ್ ಎಸ್ಪೆಸ್' ಎಂದರೆ ನಗದು. 'ಮೊನೆ' ಎಂದು ಅವರು ಕೇಳಿದರೆ ಹಣವಲ್ಲ, ಚಿಲ್ಲರೆ. 2023ರ ಆಗಸ್ಟ್ 1ರಿಂದ ರಸೀತಿ ಸಾಮಾನ್ಯವಾಗಿ ತಾನಾಗಿ ಅಚ್ಚಾಗಿ ಕೈಗೆ ಬರುವುದಿಲ್ಲ. 'ಲ ತಿಕೇ, ಸಿಲ್ ವೂ ಪ್ಲೆ' ಎಂದು ಕೇಳಿ ಪಡೆಯಬೇಕು. ತಿರುಪು ಹೊಂದದಿದ್ದರೆ ಮರಳಿಸಲು ಅದೇ ಆಧಾರ. ಅಂಗಡಿಯಲ್ಲಿ ಕೊಂಡದ್ದನ್ನು ಬರೀ ಬೇಡವೆಂದು ವಾಪಸು ತೆಗೆದುಕೊಳ್ಳಲೇಬೇಕೆಂಬ ಕಾನೂನಿಲ್ಲ, ಅದು ಅಂಗಡಿಯವರ ಮರ್ಜಿ. ವಸ್ತುವೇ ದೋಷದ್ದಾಗಿದ್ದರೆ ಮಾತು ಬೇರೆ, ಹೊಸ ವಸ್ತುವಿಗೆ ಎರಡು ವರ್ಷದ ಕಾನೂನಿನ ರಕ್ಷಣೆ ಇದೆ. 'ಝ ವೂದ್ರೆ ಎಶಾಂಝೇ ಸೆತ್ ಆರ್ತೀಕ್ಲ್', ಇದನ್ನು ಬದಲಿಸಬೇಕಾಗಿತ್ತು, ಎಂದು ರಸೀತಿ ಮುಂದಿಡಿ. ಹಣದ ಬದಲು 'ಅನಾವ್ವಾರ್' ಕೊಡುತ್ತೇವೆ ಎಂದರೆ, ಅದೇ ಅಂಗಡಿಯಲ್ಲಿ ಮುಂದೆ ಬಳಸಬಹುದಾದ ಚೀಟಿ. ಅದರ ಮೇಲೆ ಕೊನೆಯ ದಿನಾಂಕ ಬರೆದಿದೆಯೇ ನೋಡಿಕೊಂಡು ತೆಗೆದುಕೊಳ್ಳಿ. ಕೊಂಡದ್ದು ಹೊಂದುತ್ತದೆಂದು ಖಾತ್ರಿಯಾಗುವವರೆಗೆ ಪೊಟ್ಟಣ ಹರಿಯಬೇಡಿ.